ಅಕ್ಕ ಮತ್ತು ಕಲ್ಲಿನ ಕಿಟಕಿ

ಅಕ್ಕನನ್ನು ನೆನೆದಾಗಲೆಲ್ಲ ಅವರು ಒಂದು ಕಲ್ಲಿನ ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಮೆಟ್ಟಿಲು ಗೋಡೆಯೊಳಗಿಂದ ಹೊರಟು, ಇನ್ನೊಂದು ತುದಿಗೆ ಯಾವ ಆಸರೆಯೂ ಇಲ್ಲದೆ, ಸುತ್ತಿಕೊಳ್ಳುತ್ತ ಮೇಲಕ್ಕೆ ಹೋಗುತ್ತದೆ. ತುದಿಯಲ್ಲಿ ಮೊಟ್ಟೆಯಾಕಾರದ ಗಾಜಿನ ಮಾಡು. ಅಲ್ಲಿಂದ ಇಳಿಯುವ ಬೆಳಕು ಹಾಲಿನ ಪಾತ್ರೆ ತೊಳೆದ ನೀರಿನ ಹಾಗಿದೆ. ಅಕ್ಕ ಕಬ್ಬಿಣದ ಕಂಬಿಗೆ ಕೈಯಿಟ್ಟು, ಎರಡನೆಯ ಮಹಡಿಯ ತಿರುವಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದಾರೆ. ನೆಲಮಹಡಿಯ ಪಬ್ಬಿನ ಗದ್ದಲ ಗೋಡೆಯಲ್ಲಿ ಸೋಸಿಕೊಂಡು ಮೇಲೆ ಬರುತ್ತಿದೆ.

ತೊಂದರೆ ಏನೆಂದರೆ, ಅಕ್ಕ ಆ ಮೆಟ್ಟಿಲನ್ನು ಎಂದೂ ಹತ್ತಿಲ್ಲ. ಆ ಮನೆ ಇರುವುದು ಸ್ಕಾಟ್ಲೆಂಡಿನ ಒಂದು ಊರಿನಲ್ಲಿ. ನಾನೂ ಅದನ್ನು ನೋಡಿಲ್ಲ. ಮಸ್ಕತ್ತಿನ ಅಲ್ ಅಜೈಬಾದಲ್ಲಿ, ಹೊರದೇಶದವರಿಗೆ ನಕ್ಷೆ ಬರೆದುಕೊಡುವ ನಮ್ಮ ಕಚೇರಿಯಲ್ಲಿ, ಒಂದು ವಿಲ್ಲಾದ ಮೇಲ್ಮಹಡಿಯಲ್ಲಿ ಕುಳಿತು ಅವರು ಆ ಮನೆಯ ನಕ್ಷೆ ಬರೆದರು, ನಾನು ನಕ್ಷೆಯ ಅಂಚಿನ ಟಿಪ್ಪಣಿಗಳನ್ನು ಬರೆದೆ. ಕಿಟಕಿಯಾಚೆ ಬಿಸಿಲಿಗೆ ಬಿಳಿಚಿಕೊಂಡ ಗೋಡೆಗಳು, ಎಸಿಯ ನೀರು ತೊಟ್ಟಿಕ್ಕಿ ಹಸಿರಾದ ಒಂದು ಮೂಲೆ, ಅಷ್ಟೇ. ಅಕ್ಕನನ್ನು ಅವರ ನಿಜವಾದ ಕುರ್ಚಿಯಲ್ಲಿ ಕೂರಿಸಲು ನಾನು ಎಷ್ಟೋ ಸಲ ಯತ್ನಿಸಿದ್ದೇನೆ. ಅವರು ಎದ್ದು ಮತ್ತೆ ಆ ಮೆಟ್ಟಿಲಿಗೇ ಹೋಗಿ ನಿಲ್ಲುತ್ತಾರೆ. ನೆನಪು ಎಂಬುದು ಸರಿಯಾಗಿ ಕೆಲಸ ಮಾಡುವ ಯಂತ್ರವಲ್ಲ ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ಕಚೇರಿಯಲ್ಲಿ ಎಲ್ಲರಿಗೂ ಅವರು ಅಕ್ಕ. ಕಾಪುವಿನ ಕಡೆಯವರು, ಮನೆಮಾತು ತುಳು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ದಾರ್ಸೈಟಿನ ಒಂದು ಫ್ಲ್ಯಾಟಿನಲ್ಲಿ ಅವರು ಮತ್ತು ಮಗಳು. ಮಗಳು ಅಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೆಯ ತರಗತಿ. ನಾನೂ ದಾರ್ಸೈಟಿನಲ್ಲೇ ಇದ್ದುದರಿಂದ ಅವರ ಹಳೆಯ ಕಾರಿನಲ್ಲಿ ಜೊತೆಗೆ ಹೋಗಿ ಬರುತ್ತಿದ್ದೆವು. ಪೆಟ್ರೋಲು ನನ್ನದು, ಮಾತು ಅವರದು.

ಆ ಮನೆಯ ಕೆಲಸ ಬಂದ ವಾರವೇ ನಮ್ಮ ಮ್ಯಾನೇಜರ್, ಬೆಂಗಳೂರಿನವರು, ಎಲ್ಲರನ್ನೂ ಕರೆದು ಹೇಳಿದ್ದರು.

"ನೋಡಿ, ಮುಚ್ಚುಮರೆ ಮಾಡಲ್ಲ. ಈ ಪ್ರಾಜೆಕ್ಟ್ ಮುಗಿದ್ಮೇಲೆ ಡ್ರಾಯಿಂಗ್ ಸೆಕ್ಷನ್ನಲ್ಲಿ ಒಬ್ರೇ ಇರೋದು. ಮೇಲಿನವರು ಖಲಾಸ್ ಅಂದ್ಬಿಟ್ಟಿದಾರೆ. ಕ್ಲೈಂಟ್ ಖುಷಿಯಾದ್ರೆ ನೋಡೋಣ."

ಡ್ರಾಯಿಂಗ್ ವಿಭಾಗದಲ್ಲಿದ್ದುದು ಇಬ್ಬರು: ಅಕ್ಕ, ಮತ್ತು ತಮಿಳುನಾಡಿನ ಒಬ್ಬ ಹುಡುಗ. ಹುಡುಗನ ಸಂಬಳ ಕಡಿಮೆ. ಲೆಕ್ಕ ಯಾರಿಗೂ ಕಷ್ಟವಿರಲಿಲ್ಲ. ಅಕ್ಕನ ಕೆಲಸ ಹೋದರೆ ಅವರ ವೀಸಾ ಹೋಗುತ್ತದೆ, ಅದಕ್ಕೆ ಕಟ್ಟಿಕೊಂಡ ಮಗಳ ವೀಸಾವೂ ಹೋಗುತ್ತದೆ. ಹುಡುಗಿ ಬೋರ್ಡ್ ಪರೀಕ್ಷೆಯ ಹೊತ್ತಿಗೆ ಶಾಲೆ ಬಿಟ್ಟು ವಿಮಾನ ಹತ್ತಬೇಕಾಗುತ್ತದೆ.

ಅಂದು ಕಾರಿನಲ್ಲಿ ಅಕ್ಕ ಹೇಳಿದ್ದು ಇಷ್ಟೇ: "ನಂಗೆ ಬೇರೆ ಎಂತದೂ ಬೇಡ ಮಾರಾಯ್ರೆ. ಮಾರ್ಚ್ ಮುಗಿಯುವವರೆಗೆ ಇಲ್ಲಿ ನಿಲ್ಲಬೇಕು. ಆಮೇಲೆ ಅಟ್ಟಿದ್ರೂ ಹೋಗ್ತೇನೆ."

ಮನೆ ನಮ್ಮ ಬಳಿ ಬಂದದ್ದು ಚುಕ್ಕಿಗಳಾಗಿ. ಅಲ್ಲಿಯ ವಾಸ್ತುಶಿಲ್ಪಿಗಳು ಲೇಸರ್ ಯಂತ್ರವನ್ನು ಕೋಣೆ ಕೋಣೆಯಲ್ಲಿ ಇಟ್ಟು ತಿರುಗಿಸಿ ಅಳೆದಿದ್ದರು. ತೆರೆದರೆ ಕಪ್ಪು ಪರದೆಯ ಮೇಲೆ ಬೆಳಕಿನ ಧೂಳಿನಿಂದ ಕಟ್ಟಿದ ಒಂದು ಮನೆ. ಮೌಸ್ ಅಲ್ಲಾಡಿಸಿದರೆ ಮನೆ ತೂಗುತ್ತಿತ್ತು. ಗೋಡೆಯೊಳಗೆ ನುಗ್ಗಿ ಆಚೆ ಬರಬಹುದಿತ್ತು. ಆ ಧೂಳಿನ ಮೇಲೆ ಗೆರೆ ಎಳೆದು ಅದನ್ನು ಮತ್ತೆ ಮನೆ ಮಾಡುವುದು ಅಕ್ಕನ ಕೆಲಸ.

ಒಂದರ ಭುಜಕ್ಕೆ ಒಂದು ತಾಗಿ ನಿಂತ ಮನೆಗಳ ಸಾಲು ಅದು. ನಮ್ಮದು ಸಾಲಿನ ಕೊನೆಯದು. ಬೂದು ಮರಳುಗಲ್ಲಿನ ನಾಲ್ಕು ಮಹಡಿ, ಮೇಲಿನ ಮೂರರಲ್ಲಿ ಒಂದೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ಮೆಟ್ಟಿಲು. ನೆಲಮಹಡಿಯಲ್ಲಿ ಪಬ್. ಅದರ ಮುಂಭಾಗಕ್ಕೆ ಮಾತ್ರ ಕಡು ಹಸಿರು ಬಣ್ಣದ ಮರದ ಹೊದಿಕೆ. ಪಕ್ಕದಲ್ಲಿ ಮೇಲಿನ ಮಹಡಿಯವರ ಬಾಗಿಲು, ಅದರ ನೆತ್ತಿಯ ಮೇಲೆ ಬೀಸಣಿಗೆಯ ಆಕಾರದ ಗಾಜು.

"ಜಾರ್ಜಿಯನ್ ಅಂತ ಬರ್ದಿದ್ದಾರಲ್ಲ, ಅದೆಂತ?" ಅಕ್ಕ ಕೇಳಿದರು.

"ಆ ಕಾಲದಲ್ಲಿ ಒಬ್ಬರ ಮೇಲೊಬ್ಬರು ಜಾರ್ಜ್ ಅನ್ನೋ ರಾಜರೇ ಬಂದ್ರಂತೆ ಅಕ್ಕ. ಅದಕ್ಕೆ ಆ ಹೆಸರು."

"ಹಾಗಾದ್ರೆ ದಾರ್ಸೈಟಿನ ನಮ್ಮ ಬಿಲ್ಡಿಂಗೂ ಜಾರ್ಜಿಯನ್ನೇ. ಮೇಲೆ ಒಬ್ಬ ಜಾರ್ಜ್, ಕೆಳಗೆ ಒಬ್ಬ ಜಾರ್ಜ್. ನಡುವೆ ನಾನು."

ಕಿಟಕಿಗಳು ಅವರಿಗೆ ಬಹಳ ಹಿಡಿಸಿದವು. ಮೊದಲ ಮಹಡಿಯವು ಆಳೆತ್ತರ ದಾಟಿದವು, ಅದರ ಮೇಲಿನವು ತುಸು ಗಿಡ್ಡ, ಕೊನೆಯವು ಹೆಚ್ಚುಕಡಿಮೆ ಚೌಕ. ಅಗಲ ಮಾತ್ರ ಒಂದೇ. ರಸ್ತೆಯಿಂದ ನೋಡಿದರೆ ಇಡೀ ಮನೆ ಮೇಲೆ ಹೋಗುತ್ತ ಹೋಗುತ್ತ ಕಣ್ಣು ಕಿರಿದು ಮಾಡಿಕೊಂಡಂತೆ. "ಮೇಲೆ ಹೋದ ಹಾಗೆ ಬಾಡಿಗೆ ಕಡಿಮೆ, ಬೆಳಕೂ ಕಡಿಮೆ" ಎಂದರು ಅಕ್ಕ. ಬಹುಶಃ ನಾನೇ ಅಂದೆನೇನೋ. ಅವರ ಮಾತುಗಳಲ್ಲಿ ಕೆಲವು ನನ್ನವಾಗಿರುವ ಸಂಭವವಿದೆ.

ಪಬ್ಬನ್ನು ಅವರು ಪಬ್ ಎನ್ನುತ್ತಿರಲಿಲ್ಲ, ಗಡಂಗು ಎನ್ನುತ್ತಿದ್ದರು. ಊರಿನಲ್ಲಿ ಅವರ ಸೋದರಮಾವ ಗಡಂಗು ನಡೆಸುತ್ತಿದ್ದರಂತೆ. ಹೆಣ್ಣುಮಕ್ಕಳು ಅದರ ಮುಂದಿನಿಂದ ಹಾಯುವಾಗ ಆಚೆ ಬದಿಯ ಗದ್ದೆ ನೋಡಿಕೊಂಡು ಹೋಗಬೇಕಿತ್ತು. ಈಗ ಅವರು ಹಗಲಿಡೀ ಒಂದು ಗಡಂಗಿನ ಒಳಗೇ ಇದ್ದರು. ಕಂಚಿನ ಕೊಳವೆಗಳನ್ನು, ಕೆತ್ತಿದ ಗಾಜಿನ ಪರದೆಗಳನ್ನು, ಮೊಣಕೈಯೂರಿ ಊರಿ ಸವೆದ ಕೌಂಟರಿನ ಅಂಚನ್ನು ದೊಡ್ಡದು ಮಾಡಿ ನೋಡುತ್ತಿದ್ದರು.

ಅಳೆಯುವ ದಿನ ಪಬ್ಬಿನಲ್ಲಿ ಯಾರೋ ಒಬ್ಬ ಗಿರಾಕಿ ಕುಳಿತೇ ಇದ್ದನೆಂದು ಕಾಣುತ್ತದೆ. ಯಂತ್ರ ಅವನನ್ನೂ ಅಳೆದುಬಿಟ್ಟಿತ್ತು. ಕೌಂಟರಿನ ತುದಿಯ ಸ್ಟೂಲಿನ ಮೇಲೆ ಚುಕ್ಕಿಗಳ ಅರ್ಧ ಮನುಷ್ಯ: ಬೆನ್ನು, ಟೋಪಿ, ಒಂದು ಕೈ. ಮುಖದ ಬದಿ ಖಾಲಿ. ಇಂಥವನ್ನೆಲ್ಲ ಅಳಿಸಬೇಕು ಎಂಬುದು ನಿಯಮ.

"ಅಕ್ಕ, ಆ ಮನುಷ್ಯನ್ನ ಇನ್ನೂ ತೆಗ್ದಿಲ್ವಲ್ಲ?"

"ಇರ್ಲಿ ಬಿಡಿ. ಅವ್ರ ಗ್ಲಾಸ್ ಮುಗೀಲಿ."

ವಾರಗಳಾದರೂ ಗ್ಲಾಸು ಮುಗಿಯಲಿಲ್ಲ. ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಅಕ್ಕ ಮೊದಲು ಆತನನ್ನು ನೋಡುತ್ತಿದ್ದರು. "ಉಂಟು, ಇದ್ದಾರೆ" ಎಂದು ನನಗೆ ವರದಿ ಕೊಡುತ್ತಿದ್ದರು.

ಚಹಾದ ಹೊತ್ತಿನಲ್ಲಿ ನಮಗೊಂದು ಆಟ ಅಭ್ಯಾಸವಾಯಿತು. ಆ ಮನೆಯ ಕೋಣೆಗಳನ್ನು ನಮ್ಮ ನಮ್ಮಲ್ಲಿ ಹಂಚಿಕೊಳ್ಳುವುದು. ಒಮಾನಿನಲ್ಲಿ ನಾವು ಯಾರೂ ಉಳಿಯಲು ಬಂದವರಲ್ಲ, ಎರಡೆರಡು ವರ್ಷಕ್ಕೊಮ್ಮೆ ವೀಸಾ ಮುಂದಕ್ಕೆ ಹಾಕಿಸಿಕೊಳ್ಳುವವರು. ಆದರೆ ಸ್ಕಾಟ್ಲೆಂಡಿನ ಆ ಮನೆಯಲ್ಲಿ ಎಲ್ಲರಿಗೂ ಕಾಯಂ ಜಾಗವಿತ್ತು. ತಮಿಳು ಹುಡುಗನಿಗೆ ಮೊದಲ ಮಹಡಿಯ ದೊಡ್ಡ ಹಜಾರ, ಮದುವೆಯಾಗಬೇಕಲ್ಲ. ನನಗೆ ಕೊನೆಯ ಮಹಡಿ, ಓದಿಕೊಂಡು ಬಿದ್ದಿರಲು. ಮ್ಯಾನೇಜರಿಗೆ ನೆಲಮಾಳಿಗೆಯ ಕಲ್ಲಿದ್ದಲ ಗೂಡು.

"ಅಕ್ಕ, ನಿಮ್ಗೆ ಯಾವುದು?"

"ನಂದು ಹುಡುಕ್ತಾ ಇದ್ದೇನೆ" ಎನ್ನುತ್ತಿದ್ದರು.

ಸಂಜೆ ಹೆದ್ದಾರಿಯಲ್ಲಿ ಖುರುಮ್ ದಾಟುವಾಗಲೂ ನಾವು ಆ ಮನೆಯಲ್ಲೇ ಇರುತ್ತಿದ್ದೆವು. ಎಡಕ್ಕೆ ಸಮುದ್ರದ ಮೇಲೆ ಬೂದು ಮಂಜು, ಬಲಕ್ಕೆ ಬೋಳು ಗುಡ್ಡ, ಅಕ್ಕ ಗೇರು ಬದಲಿಸುತ್ತ ಎರಡನೆಯ ಮಹಡಿಯ ಅಡುಗೆಕೋಣೆಯಿಂದ ಮೆಟ್ಟಿಲಿಗೆ ಬಂದು, ಮೂರನೆಯ ಮಹಡಿಗೆ ಹತ್ತಿ... ಇಲ್ಲ, ಆ ಕಾರಿಗೆ ಗೇರು ಇರಲಿಲ್ಲ, ತಾನೇ ಬದಲಿಸಿಕೊಳ್ಳುವ ಕಾರು. ಆದರೂ ಅವರ ಬಲಗೈ ಏನನ್ನೋ ಹಿಡಿದು ಬದಲಿಸುತ್ತಿತ್ತು. ನಾನು ಕಂಡದ್ದು ಕಂಡೆ.

ಒಂದು ದಿನ ಬೆಳಿಗ್ಗೆ ಅವರು ನನ್ನನ್ನು ಕರೆದರು. "ಇಲ್ಲಿ ಬನ್ನಿ. ನನ್ನ ಕೋಣೆ ಸಿಕ್ತು."

ಸಾಲಿನ ಕೊನೆಯ ಮನೆಯಾದ್ದರಿಂದ ಅದರ ಒಂದು ಪಕ್ಕ ಅಡ್ಡರಸ್ತೆಗೆ ತೆರೆದಿತ್ತು. ಆ ಪಕ್ಕದ ಗೋಡೆಯಲ್ಲಿ, ಹೊರಗಿನ ಚಿತ್ರದಲ್ಲಿ, ಮಹಡಿಗೊಂದರಂತೆ ಒಂದರ ಮೇಲೊಂದು ಮೂರು ಕಿಟಕಿಗಳು. ಬಿಳಿಯ ಚೌಕಟ್ಟು, ಕಪ್ಪು ಗಾಜು. ಒಳಗಿನ ಚಿತ್ರಗಳಲ್ಲಿ ಆ ಕಿಟಕಿಗಳಿಲ್ಲ. ಒಳಗೆ ಬರೀ ಗೋಡೆ, ಅದರಲ್ಲೊಂದು ಬೆಂಕಿಗೂಡು. ಒಳಗೋಡೆಗೂ ಹೊರಗೋಡೆಗೂ ನಡುವೆ ಒಬ್ಬರು ಕೈಚಾಚಿ ಮಲಗುವಷ್ಟು ಜಾಗ ಉಳಿಯುತ್ತಿತ್ತು.

"ಇದೇನಕ್ಕ ಇದು?"

"ಮುಚ್ಚಿದ ಕೋಣೆ. ನಮ್ಮ ಕಡೆ ಹಳೇ ಮನೆಗಳಲ್ಲಿ ಇರ್ತದೆ, ದೈವದ್ದು. ವರ್ಷಕ್ಕೊಮ್ಮೆ ಬಾಗಿಲು ತೆಗೆಯೋದು. ಉಳಿದ ದಿನ ಒಳಗೆ ಮಂಚ, ಕತ್ತಿ, ಘಂಟೆ, ಮತ್ತೆ ಕತ್ತಲೆ. ಯಾರೂ ಹೋಗೋದಿಲ್ಲ, ಆದ್ರೆ ಅದಿಲ್ಲದೆ ಮನೆ ಇಲ್ಲ."

"ಬಾಗಿಲೇ ಇಲ್ವಲ್ಲ ಇಲ್ಲಿ?"

"ನಾವು ಕಾಣ್ಲಿಲ್ಲ ಹೇಳಿದ್ರೆ ಇಲ್ಲ ಅಂತ ಆಯ್ತಾ? ಕಿಟಕಿ ಉಂಟಲ್ಲ. ಕೋಣೆ ಇಲ್ಲದೆ ಯಾರಾದ್ರೂ ಕಿಟಕಿ ಇಡ್ತಾರಾ?"

ಮೈಸೂರಿನವನಾದ ನನಗೆ ದೈವದ ಕೋಣೆ ಗೊತ್ತಿರಲಿಲ್ಲ. ಆದರೆ ಪ್ರಶ್ನೆ ಸರಿಯೆನಿಸಿತು. ಕೋಣೆಯಿಲ್ಲದ ಕಿಟಕಿಯನ್ನು ನಾನೂ ಕಂಡಿರಲಿಲ್ಲ. ತಮಿಳು ಹುಡುಗನೂ ಬಂದು ನೋಡಿ ತಲೆಯಾಡಿಸಿದ. ಅಕ್ಕ ಮೂರು ಮಹಡಿಗಳಲ್ಲೂ ಆ ಜಾಗವನ್ನು ಕೋಣೆ ಎಂದೇ ಬರೆದರು. ಒಳಗೆ ಪ್ರವೇಶ ಸಿಕ್ಕಿಲ್ಲ ಎಂದು ಅಂಚಿನಲ್ಲಿ ನನ್ನಿಂದ ಬರೆಸಿದರು. ಆಮೇಲಿನ ದಿನಗಳಲ್ಲಿ ಅವರು ಆ ಕೋಣೆಯ ಬಗ್ಗೆ ಮಾತಾಡುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ ಎಂದು ಹೇಳುವ ಆಸೆಯಾಗುತ್ತದೆ. ನೆನಪಿರುವುದು ದನಿ ಮಾತ್ರ, ನೆನೆದ ಬಟ್ಟೆಯಂಥ ದನಿ. ಅಡ್ಡರಸ್ತೆಯ ದೀಪ ಸಂಜೆ ಆ ಗಾಜಿನ ಮೇಲೆ ಬೀಳುತ್ತದೆ. ಕೆಳಗೆ ಗಡಂಗಿನವರು ಹಾಡುತ್ತಾರೆ. ಅಲ್ಲಿರುವವರನ್ನು ಯಾರೂ ಎಬ್ಬಿಸುವುದಿಲ್ಲ, ಎಲ್ಲಿಗೆ ಹೋಗಬೇಕೆಂದು ಕೇಳುವುದಿಲ್ಲ, ಎನ್ನುತ್ತಿತ್ತು ಆ ದನಿ.

ನಕ್ಷೆಗಳು ಹೋದವು. ಕೆಲವು ದಿನಗಳ ನಂತರ ಅಲ್ಲಿಯ ವಾಸ್ತುಶಿಲ್ಪಿ, ನರೆಗೂದಲಿನ ಒಬ್ಬ ಹೆಂಗಸು, ವೀಡಿಯೊ ಕರೆಯಲ್ಲಿ ಬಂದರು. ಮ್ಯಾನೇಜರ್, ಅಕ್ಕ, ನಾನು ಒಂದೇ ಪರದೆಯ ಮುಂದೆ. ಆಕೆ ಮೊದಲು ಮೆಟ್ಟಿಲನ್ನು ಹೊಗಳಿದರು. ಆಮೇಲೆ ಪಕ್ಕದ ಗೋಡೆಗೆ ಬಂದು ಮೆಲ್ಲಗೆ ನಕ್ಕರು.

ಅವು ಕಿಟಕಿಗಳೇ ಅಲ್ಲವಂತೆ. ಕಟ್ಟಿದ ದಿನದಿಂದಲೂ ಕಲ್ಲು. ಗೋಡೆ ಬೋಳಾಗಿ ಕಾಣಬಾರದು, ಮುಂಭಾಗದ ಲಯ ಪಕ್ಕಕ್ಕೂ ಹರಿಯಬೇಕು ಎಂದು ಕಿಟಕಿಯ ಆಕಾರದ ತಗ್ಗು ಬಿಟ್ಟು, ಕಪ್ಪು ಬಣ್ಣ ಬಳಿದು, ಅದರ ಮೇಲೆ ಬಿಳಿ ಪಟ್ಟಿ ಎಳೆದಿದ್ದರು. ಹಿಂದೆ ಕೋಣೆಯಿಲ್ಲ. ಪಬ್ಬಿನಿಂದ ಮೊದಲುಗೊಂಡು ಪ್ರತಿ ಮಹಡಿಯ ಬೆಂಕಿಗೂಡಿನ ಹೊಗೆಕೊಳವೆಗಳು ಆ ದಪ್ಪ ಗೋಡೆಯೊಳಗೇ ಮೇಲೇರಿ ಮಾಡಿನ ಚಿಮಣಿ ಸೇರುತ್ತವೆ. ಅಲ್ಲಿ ಹುಟ್ಟಿದವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಬೆಂಕಿ ಕಾಯಿಸಿಕೊಳ್ಳುವ ಮನೆಯೇ ಗೊತ್ತಿಲ್ಲದ ನಾವು ಗೋಡೆಯ ದಪ್ಪಕ್ಕೆ ಬೇರೆ ಕಾರಣ ಹುಡುಕಿಕೊಂಡಿದ್ದೆವು.

ಮ್ಯಾನೇಜರ್ ಮೈಕು ಮುಚ್ಚಿ ಪಿಸುಗುಟ್ಟಿದರು. "ಸಾಫ್ಟ್‌ವೇರ್ ತಪ್ಪು ಅಂತ ಹೇಳ್ಬಿಡಿ ಮೇಡಂ. ಯಲ್ಲಾ, ಬೇಗ."

ಅಕ್ಕ ಪರದೆಯತ್ತ ನೋಡಿ, ತಮ್ಮ ನಿಧಾನದ ಇಂಗ್ಲಿಷಿನಲ್ಲಿ, ತಾವೇ ನೋಡಿ ಕೋಣೆಯೆಂದು ತಿಳಿದು ಹಾಕಿದ್ದು ಎಂದರು. ಆಕೆ, ಪರವಾಗಿಲ್ಲ, ತಿದ್ದಿ ಕಳಿಸಿ ಎಂದರು.

ಇಲ್ಲಿ ಕಥೆ ಕಟ್ಟುವವನಿಗೆ ಬಹಳ ಅನುಕೂಲ. ತಪ್ಪು ಮಾಡಿದರು, ಒಪ್ಪಿಕೊಂಡರು, ಕೆಲಸ ಹೋಯಿತು. ಆದರೆ ಮ್ಯಾನೇಜರ್ ಆಮೇಲೆ ನನಗೆ ಹೇಳಿದ ಪ್ರಕಾರ ತೀರ್ಮಾನ ಅದಕ್ಕೂ ಮುಂಚೆಯೇ ಆಗಿತ್ತು, ಹುಡುಗನ ಸಂಬಳ ನೋಡಿಯೇ ಆಗಿತ್ತು. ಯಾವುದು ನಿಜವೋ ತಿಳಿಯದು. ಕರೆ ಮುಗಿದ ಮರುದಿನ ಅಕ್ಕನಿಗೆ ನೋಟೀಸು ಬಂತು ಎಂಬುದು ಮಾತ್ರ ನಿಜ. ಆಗಿನ್ನೂ ಡಿಸೆಂಬರ್.

ಅವರು ಮ್ಯಾನೇಜರ್ ಕೋಣೆಗೆ ಹೋದರು. ಬಾಗಿಲು ಅರೆತೆರೆದಿತ್ತು, ನನಗೆ ಎಲ್ಲವೂ ಕೇಳುತ್ತಿತ್ತು.

"ಸರ್, ಕೆಲಸ ಕೊಡಿ ಅಂತ ಕೇಳ್ಲಿಕ್ಕೆ ಬಂದದ್ದಲ್ಲ. ಸಂಬಳವೂ ಬೇಡ. ನನ್ನ ಹೆಸರು ಮಾರ್ಚ್ ಮುಗಿಯುವವರೆಗೆ ನಿಮ್ಮ ಕಂಪನಿಯಲ್ಲಿ ಇರ್ಲಿ. ವೀಸಾ ಕ್ಯಾನ್ಸಲ್ ಮಾಡ್ಬೇಡಿ."

"ಅದು ಹೇಗೆ ಆಗತ್ತೆ ಮೇಡಂ? ನನ್ನ ತಲೆ ಮೇಲೆ ಬರತ್ತೆ."

"ಬರ್ತದೆ. ಗೊತ್ತುಂಟು. ನಿಮ್ಮ ಮಗ ಹತ್ತನೇ ಪರೀಕ್ಷೆ ಬರೆದಾಗ ನೀವು ಊರಿಗೆ ಹೋಗ್ಲಿಕ್ಕೆ ಹದಿನೈದು ದಿನ ರಜೆ ಹಾಕಿದ್ರಿ. ಆಗ ನಿಮ್ಮ ಶೀಟ್‌ಗಳನ್ನ ಯಾರು ನೋಡಿದ್ದು?"

ಕುರ್ಚಿ ಹಿಂದಕ್ಕೆ ಸರಿದ ಸದ್ದು.

"ಆ ಚಿಮಣಿಗಳನ್ನ ತಿದ್ದಿ ಕೊಟ್ಟು ಹೋಗಿ" ಎಂದರು ಮ್ಯಾನೇಜರ್ ಕೊನೆಗೆ. "ಮಿಕ್ಕಿದ್ದು ಮೇಲಿನವರ ಹತ್ರ ನಾನು ಮಾತಾಡ್ತೀನಿ. ಆದ್ರೆ ಅವ್ರು ಯಾವಾಗ ಬೇಡ ಅಂದ್ರೂ ಖಲಾಸ್. ನಾನು ಗ್ಯಾರಂಟಿ ಅಲ್ಲ."

ಆ ಕೊನೆಯ ದಿನಗಳಲ್ಲಿ ಅಕ್ಕ ಕೋಣೆಗಳನ್ನು ಅಳಿಸಿ, ಅದೇ ಜಾಗದಲ್ಲಿ ಹೊಗೆಯ ದಾರಿಗಳನ್ನು ಬರೆದರು. ಹೊಗೆಕೊಳವೆ ನೆಟ್ಟಗೆ ಹೋಗುವುದಿಲ್ಲ. ಕೆಳಗಿನ ಒಲೆಯದು ಮೇಲಿನ ಒಲೆ ಸಿಕ್ಕಾಗ ಪಕ್ಕಕ್ಕೆ ಬಾಗಿ ಅದನ್ನು ಬಳಸಿಕೊಂಡು ಹೋಗುತ್ತದೆ. ಅದಕ್ಕೂ ಮೇಲಿನದು ಇವೆರಡಕ್ಕೂ ದಾರಿ ಬಿಡುತ್ತದೆ. ಒಂದರೊಳಗೊಂದು ಸೇರದೆ, ಒಂದನ್ನೊಂದು ತುಳಿಯದೆ, ಜಡೆಯ ಎಳೆಗಳಂತೆ ಎಲ್ಲವೂ ಮೇಲೆ ಹೋಗಿ ಒಟ್ಟಿಗೆ ಆಕಾಶಕ್ಕೆ ಬಿಡುತ್ತವೆ. ಪಬ್ಬಿನ ಹೊಗೆಗೆ ಎಲ್ಲರಿಗಿಂತ ದೂರದ ದಾರಿ. ಅಕ್ಕ ಅದನ್ನು ಕೊನೆಗೆ ಬರೆದರು. ಆ ಹಾಳೆಯನ್ನು ನಾನು ಬಹಳ ಹೊತ್ತು ನೋಡಿದೆ. ಹೊಗೆಯೇ ಇಲ್ಲದ ಕಾಲದಲ್ಲಿ, ಒಲೆಯನ್ನೆಂದೂ ಗೋಡೆಯೊಳಗೆ ಇಟ್ಟಿರದ ಊರಿನವರೊಬ್ಬರು ಬರೆದ ಹೊಗೆಯ ನಕ್ಷೆ.

ಆಮೇಲೆ ಅವರ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಮಾತಾಡಿದ್ದರೋ ಇಲ್ಲವೋ, ಮೇಲಿನವರು ಬಂದಾಗ, ಅಕ್ಕ ಸೈಟಿಗೆ ಹೋಗಿದ್ದಾರೆ ಎಂದು ಮ್ಯಾನೇಜರ್ ಹೇಳುತ್ತಿದ್ದರು. ನಾವು ಹಾಜರಿ ಗುರುತಿಸುವ ಯಂತ್ರದ ಕಡೆ ನೋಡದೆ ಕೆಲಸ ಮಾಡುತ್ತಿದ್ದೆವು. ದಾರ್ಸೈಟಿನಲ್ಲಿ ಅಕ್ಕ ಮನೆಯಲ್ಲೇ ಇದ್ದು ಪಕ್ಕದ ಫ್ಲ್ಯಾಟುಗಳಿಗೆ ನೀರುದೋಸೆ, ಪತ್ರೊಡೆ ಮಾಡಿ ಕೊಟ್ಟು ದಿನ ದೂಡಿದರು. ಶುಕ್ರವಾರ ನಾನು ಹೋದರೆ ಒಳಕೋಣೆಯ ಬಾಗಿಲು ಮುಚ್ಚಿರುತ್ತಿತ್ತು.

"ಓದ್ತಿದ್ದಾಳೆ. ಮೆಲ್ಲ ಮಾತಾಡಿ" ಎನ್ನುತ್ತಿದ್ದರು.

ಒಳಗಿನಿಂದ ಹುಡುಗಿ ಕೂಗುತ್ತಿದ್ದಳು: "ಅಮ್ಮಾ, ಐ ಕ್ಯಾನ್ ಹಿಯರ್ ಯೂ ವಿಸ್ಪರಿಂಗ್! ಇಟ್ಸ್ ವರ್ಸ್!"

ಫೋನು ಬಂದಾಗಲೆಲ್ಲ ಅಕ್ಕ ಬೆಚ್ಚುತ್ತಿದ್ದರು. ಮ್ಯಾನೇಜರಿನದಿರಬಹುದು, ಖಲಾಸ್ ಎನ್ನಬಹುದು. ಆತ ಒಂದು ಸಲ ನಿಜವಾಗಿ ಫೋನು ಮಾಡಿದ್ದರು, ಫೆಬ್ರವರಿಯಲ್ಲಿ. ಅಕ್ಕ ಗೋಡೆಗೆ ಒರಗಿ ಫೋನು ಹಿಡಿದರು. ಅವರ ಮುಖ ನೋಡಲಾಗದೆ ನಾನು ಅಡುಗೆಮನೆಗೆ ಹೋದೆ.

"ಎಂತ ಹೇಳಿದ್ರು?" ಹೊರಗೆ ಬಂದು ಕೇಳಿದೆ. ಅವರ ಭಾಷೆ ನನಗೂ ಅಂಟಿತ್ತು.

"ಮಗಳಿಗೆ ಆಲ್ ದ ಬೆಸ್ಟ್ ಹೇಳಿ ಅಂತ." ಅವರು ಅಲ್ಲೇ ಕುಳಿತುಬಿಟ್ಟರು. "ಅಷ್ಟಕ್ಕೆ ಫೋನ್ ಮಾಡ್ಬೇಕಾ ಆ ಮನುಷ್ಯ? ನನ್ನ ಜೀವ ಹೋಯ್ತು."

ಕೊನೆಯ ಪರೀಕ್ಷೆಯ ದಿನ ನಾನು ಅರ್ಧ ದಿನ ರಜೆ ಹಾಕಿ ಶಾಲೆಯ ಬಳಿ ಹೋದೆ. ಅಕ್ಕ ಗೇಟಿನ ಎದುರು, ಯಾರದೋ ಕಾರಿನ ನೆರಳಿನಲ್ಲಿ ನಿಂತಿದ್ದರು. ಹಸಿರು ಸೀರೆ ಎಂದು ಬರೆಯಲು ಕೈ ಹೋಗುತ್ತಿದೆ. ಅವರು ಸೀರೆ ಉಡುತ್ತಿರಲಿಲ್ಲ. ಯಾವುದೋ ಚೂಡಿದಾರ, ಯಾವುದೋ ಬಣ್ಣ. ಮಕ್ಕಳು ಒಮ್ಮೆಗೇ ಹೊರಬಂದರು, ಕಿರುಚುತ್ತ, ಒಬ್ಬರ ಅಂಗಿಯ ಮೇಲೊಬ್ಬರು ಪೆನ್ನಿನಿಂದ ಗೀಚುತ್ತ. ಆ ಗದ್ದಲದಲ್ಲಿ ಮಗಳು ಬಂದಳು.

"ಹೇಗಾಯ್ತು ಮಗಾ?" ಅಕ್ಕ ತುಳುವಿನಲ್ಲಿ ಕೇಳಿದರು.

"ಓಕೆ ಅಮ್ಮಾ. ಡನ್."

"ಎಲ್ಲಾ ಬರ್ದಿಯಾ? ಕೊನೇದು?"

"ಅಮ್ಮಾ, ಡನ್ ಅಂದ್ರೆ ಡನ್."

ಅಕ್ಕ ತಲೆಯಾಡಿಸಿದರು. ಮಗಳ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು ಉಳಿದ ನೀರನ್ನೆಲ್ಲ ತಾವೇ ಕುಡಿದರು. ರೂವಿಗೆ ಹೋಗಿ ಮಸಾಲೆದೋಸೆ ತಿನ್ನುವುದು ಎಂದು ಮೊದಲೇ ಮಾತಾಗಿತ್ತು. ಕಾರಿನ ಬಳಿ ಬಂದಾಗ ಅಕ್ಕ ಕೀಲಿಯನ್ನು ನನ್ನ ಕೈಗೆ ಕೊಟ್ಟು, "ನೀವು ಬಿಡಿ, ನಂಗೆ ಕಣ್ಣು ಉರೀತಾ ಉಂಟು" ಎಂದು ಪಕ್ಕದ ಸೀಟಿನಲ್ಲಿ ಕುಳಿತರು. ಮೊದಲ ತಿರುವು ದಾಟುವ ಮೊದಲೇ ಅವರ ತಲೆ ಗಾಜಿಗೆ ಒರಗಿತು. ಬಾಯಿ ತುಸು ತೆರೆದಿತ್ತು. ಮಡಿಲಲ್ಲಿದ್ದ ಕೈಗಳು ಅಂಗಾತ ತೆರೆದುಕೊಂಡಿದ್ದವು.

ಹೋಟೆಲಿನ ಮುಂದೆ ಜಾಗ ಖಾಲಿಯಿತ್ತು. ನಾನು ನಿಧಾನ ಮಾಡಿದೆ. ಹಿಂದಿನಿಂದ ಹುಡುಗಿ ಮುಂದಕ್ಕೆ ಬಾಗಿ ನನ್ನ ಭುಜ ಮುಟ್ಟಿದಳು.

"ಅಂಕಲ್, ಡೋಂಟ್ ಸ್ಟಾಪ್" ಎಂದಳು, ಉಸಿರಿನಲ್ಲೇ. "ನಿಲ್ಸಿದ್ರೆ ಎದ್ದು ಬಿಡ್ತಾರೆ."

ಅವಳು ನನ್ನೊಡನೆ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು. ನಾನು ಹೋಟೆಲನ್ನು ದಾಟಿದೆ. ರೂವಿ ಮುಗಿಯಿತು, ಹೆದ್ದಾರಿ ಬಂತು. ಸಿಗ್ನಲ್ ಕೆಂಪಾಗುವುದನ್ನು ದೂರದಿಂದಲೇ ನೋಡಿ, ಅದು ಹಸಿರಾಗುವ ಹೊತ್ತಿಗೆ ತಲುಪುವ ಹಾಗೆ ತೆವಳುತ್ತ ಹೋದೆ. ಮದೀನತ್ ಸುಲ್ತಾನ್ ಖಾಬೂಸ್ ಹೋಯಿತು, ಅಜೈಬಾ ಹೋಯಿತು, ವಿಮಾನ ನಿಲ್ದಾಣದ ತಿರುವು ಬಂದು ಅದೂ ಹಿಂದೆ ಉಳಿಯಿತು. ಹುಡುಗಿ ಎಸಿಯ ಪರೀಕ್ಷಾ ಕೋಣೆಗೆಂದು ತಂದಿದ್ದ ಶಾಲೆಯ ಸ್ವೆಟರನ್ನು ಮಡಚಿ ತಾಯಿಯ ತಲೆಗೂ ಗಾಜಿಗೂ ನಡುವೆ ಮೆಲ್ಲನೆ ತೂರಿಸಿದಳು. ಸೀಬ್ ದಾಟಿದ ಮೇಲೆ ರಸ್ತೆ ನೇರವಾಯಿತು. ನಾನು ಬ್ರೇಕಿನಿಂದ ಕಾಲು ದೂರವಿಟ್ಟು ಕಾರನ್ನು ಹಾಗೆಯೇ ಹೋಗಲು ಬಿಟ್ಟೆ.